ಬೆಣೆ ಹೊಡೆದ ದೋಣಿ

"ಅದೂ ಬೇಡ" ಎಂದ ಬಡಗಿ, ಹೊಸ್ತಿಲ ಬಳಿ ನಿಂತು ಬೂಟಿನ ಕೆಸರು ಕೆರೆಯುತ್ತ.

ಅವನ ಹೆಂಡತಿ ತಲೆಯೆತ್ತಲಿಲ್ಲ. ಕೋಣೆಯ ನೆಲದ ತುಂಬ ಲಾರಿಯೊಂದರ ಟಾರ್ಪಾಲು ಹರಡಿಕೊಂಡಿತ್ತು. ಅದರ ನಟ್ಟನಡುವೆ ಕಾಲು ಮಡಿಸಿ ಕೂತು, ಅಂಗೈಗೆ ಚರ್ಮದ ಪಟ್ಟಿ ಬಿಗಿದುಕೊಂಡು, ಹರಿದ ಅಂಚಿಗೆ ಮೇಣ ಸವರಿದ ದಾರದ ಹೊಲಿಗೆ ಹಾಕುತ್ತಿದ್ದಳು. ಸುತ್ತಮುತ್ತಲ ಹಳ್ಳಿಗಳ ಲಾರಿ, ಟ್ರ್ಯಾಕ್ಟರು, ಹುಲ್ಲಿನ ಬಣವೆ, ಯಾವುದಕ್ಕೇ ಆಗಲಿ ಹೊದಿಕೆ ಬೇಕೆಂದರೆ ಜನ ಬರುತ್ತಿದ್ದುದು ಇವಳ ಹತ್ತಿರ. ಹಾಗಾಗಿ, ಹುಟ್ಟಿದಾಗ ಇಟ್ಟ ಹೆಸರು ಮೂಲೆಗೆ ಬಿದ್ದು, ಊರವರ ಬಾಯಲ್ಲಿ ಅವಳು ಟಾರ್ಪಾಲಕ್ಕ ಆಗಿದ್ದಳು.

"ಯಾಕೆ ಬೇಡ?"

"ಅಗಲ ಜಾಸ್ತಿ. ನಮ್ಮ ದೋಣಿಮನೆ ಬಾಗಿಲಲ್ಲಿ ತೂರಲ್ಲ."

"ಬಾಗಿಲು ಮಾಡೋದೇ ನಿನ್ನ ಕಸುಬಲ್ವೇನಯ್ಯಾ? ಊರಿಗೆಲ್ಲ ಬಾಗಿಲು ಕೂರಿಸಿ ಬರ್ತೀಯ. ನಮ್ಮ ಮನೇದು ಮಾತ್ರ ದೇವರೇ ಇಳಿದು ಬಂದು ಕೂರಿಸಿದ್ದೋ?"

ಬಡಗಿ ಇನ್ನೊಂದು ಬೂಟು ಕೆರೆಯತೊಡಗಿದ. ಟಾರ್ಪಾಲಕ್ಕ ಸೂಜಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಚುಚ್ಚಿ ಎಳೆದಳು. ಇದು ಅವನು ಬೇಡವೆಂದ ಮೂರನೆಯ ಜೋಡಿದೋಣಿ, ಎರಡು ಒಡಲು ಸೇರಿಸಿ ಕಟ್ಟಿದ್ದು. ಮೊದಲನೆಯದು ಕಾರ್ಖಾನೆಯ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕಿನದು. ಮರಳಿನ ಮೇಲೆ ಎಳೆದರೂ ಸವೆಯದು, ಬಂಡೆಗೆ ಗುದ್ದಿದರೂ ಒಡೆಯದು, ಸಂಸಾರಸ್ಥರಿಗೆ ಹೇಳಿ ಮಾಡಿಸಿದ್ದು ಎಂದು ಮಾರುವವನು ಹೇಳಿದ್ದ. ಬಡಗಿ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, "ಇದು ದೋಣಿಯಲ್ಲ, ಬಕೆಟ್ಟು" ಎಂದು ಎದ್ದು ಬಂದಿದ್ದ. ಎರಡನೆಯದು ಪಂದ್ಯಕ್ಕೆ ಮಾಡಿದ್ದು. ಹಾಯಿಕಂಬ ಮುಗಿಲಿಗೆ ಚುಚ್ಚುವಷ್ಟು ಎತ್ತರ. ಓಡಿಸುವವರು ಸೊಂಟಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು ನೀರಿನ ಮೇಲೆ ತೂಗಾಡಬೇಕು. ಅದು ಬೇಡವೆಂದು ಅವಳೂ ಒಪ್ಪಿದ್ದಳು. ಈಗ ಮೂರನೆಯದಕ್ಕೆ ಅಗಲದ ನೆವ. ಅಗಲವಿರುವುದಕ್ಕೇ ಅಲ್ಲವೇ ಅದು ಬೇಕಾಗಿದ್ದು?

ಮನೆಯ ಹಿಂದೆ ಹೊಲ, ಹೊಲದ ಅಂಚಿಗೆ ಕೆರೆ. ಕೆರೆಯೆಂದರೆ ಸಣ್ಣದಲ್ಲ, ಆಚೆ ದಡದ ದನ ಈಚೆಗೆ ಇರುವೆಯಂತೆ ಕಾಣುವಷ್ಟು ದೊಡ್ಡದು. ಬಡಗಿಯ ಅಪ್ಪ ಕಡೆದ ಒಂಟಿ ಒಡಲಿನ ದೋಣಿಯೊಂದು ಮನೆಯಲ್ಲಿತ್ತು. ರಜೆ ಬಂತೆಂದರೆ ಬಡಗಿಯೂ, ಬೇಕರಿ ಇಟ್ಟಿದ್ದ ಅವನ ತಮ್ಮನೂ ಅದನ್ನು ನೀರಿಗಿಳಿಸುತ್ತಿದ್ದರು. ಕಿರಿದಾದ ದೋಣಿ, ಗಾಳಿ ಸಿಕ್ಕರೆ ಪಕ್ಕಕ್ಕೆ ಮಲಗಿಕೊಂಡೇ ಓಡುತ್ತಿತ್ತು. ತಿರುಗಿಸುವಾಗ ಕೂತವರು ಹಾಯಿಯ ಅಡಿ ತಲೆ ತಗ್ಗಿಸಿ ಈ ಅಂಚಿನಿಂದ ಆ ಅಂಚಿಗೆ ಜಿಗಿಯಬೇಕು. ಬಡಗಿಯ ಮಗಳು ಜಿಗಿಯಲಾರಳು. ಹುಟ್ಟಿದಾಗಿನಿಂದ ಅವಳ ಎಡ ಸೊಂಟದ ಕೀಲು ಕೂಡಿಕೊಂಡಿರಲಿಲ್ಲ. ಕಾಲು ಚಾಚಿ ಕೂರಬಲ್ಲಳು, ಕೋಲೂರಿ ನಡೆಯಬಲ್ಲಳು, ಅಷ್ಟೇ. ಒಮ್ಮೆ ಚಿಕ್ಕವಳಿದ್ದಾಗ ಕರೆದೊಯ್ದಿದ್ದರು. ದೋಣಿ ಮಗ್ಗುಲಾದಾಗ ತಳಕ್ಕೆ ಉರುಳಿ ಹಣೆ ಒಡೆದುಕೊಂಡಿದ್ದಳು. ಅಂದಿನಿಂದ ಅವಳ ಜಾಗ ದಡದ ಹಲಗೆ. ಗಂಡಸರು ಬಿಟ್ಟುಹೋದ ಚಪ್ಪಲಿ, ಬುತ್ತಿಯ ಡಬ್ಬಿ ಕಾಯುವುದು ಅವಳ ಕೆಲಸ. ಅಡುಗೆ, ಹೊಲಿಗೆ ಎಂದು ತಾಯಿಯೂ ದೋಣಿ ಹತ್ತಿದ್ದು ಅಷ್ಟಕ್ಕಷ್ಟೇ.

ಈಗ ಮಗಳಿಗೆ ಹದಿನಾರು. ಈ ವರ್ಷ ಒಂದು ಸಂಜೆ ಗಂಡಸರು ದಡಕ್ಕೆ ಬಂದಾಗ ಬೇಕರಿಯವನು, "ಏನಮ್ಮಾ ಬಂದರಿನ ಅಧಿಕಾರಿ, ನಮ್ಮ ಹಡಗು ಒಳಗೆ ಬಿಡ್ತೀಯೋ ಇಲ್ವೋ?" ಎಂದು ಸಲಾಮು ಹೊಡೆದಿದ್ದ. ಹುಡುಗಿ ನಕ್ಕಿದ್ದಳು. ಚಹಾ ತಂದಿದ್ದ ಟಾರ್ಪಾಲಕ್ಕ ನಗುವನ್ನು ನೋಡಲಿಲ್ಲ, ಕೋಲಿನ ಹಿಡಿಯನ್ನು ತೊಗಟೆ ಸುಲಿಯುವಂತೆ ಹಿಂಡುತ್ತಿದ್ದ ಕೈ ನೋಡಿದಳು. ಅಂದೇ ಹೇಳಿಬಿಟ್ಟಳು: "ಇನ್ನು ಮೇಲೆ ನೀರಿಗೆ ಇಳಿದ್ರೆ ಎಲ್ಲರೂ ಇಳೀಬೇಕು. ಇಲ್ದಿದ್ರೆ ಯಾರೂ ಬೇಡ. ನಿಮ್ಮ ಹಾಯಿಗೆ ನಾನು ಇನ್ನು ಸೂಜಿ ಮುಟ್ಟಿಸಲ್ಲ." ಮುಟ್ಟಿಸಲೂ ಇಲ್ಲ. ಮಧ್ಯಕ್ಕೆ ಹರಿದ ಹಾಯಿ ಅಟ್ಟದ ಮೇಲೆ ಬಿದ್ದಿತ್ತು. ಜೋಡಿದೋಣಿ ಮಗ್ಗುಲಾಗುವುದಿಲ್ಲ, ನಡುವೆ ಬಲೆ ಬಿಗಿದು ಅಂಗಳದಂತೆ ಇರುತ್ತದೆ, ಕಾಲು ಚಾಚಿ ಕೂರಬಹುದು ಎಂದು ಯಾರೋ ಲಾರಿಯವರು ಹೇಳಿದ್ದನ್ನು ಹಿಡಿದುಕೊಂಡು ಅವಳೇ ಹುಡುಕಾಟ ಶುರು ಮಾಡಿಸಿದ್ದಳು.

"ನಾಳೆ ದನದ ಡಾಕ್ಟರಮ್ಮನ ಮನೇಗೆ ಹೋಗೋಣ" ಎಂದಳು ದಾರ ಹಲ್ಲಿನಿಂದ ಕಚ್ಚಿ ತುಂಡು ಮಾಡುತ್ತ. "ಅವರ ಹತ್ರ ಒಂದಿದೆಯಂತೆ. ನಾನೂ ಬರ್ತೀನಿ. ನೀನೊಬ್ಬನೇ ಹೋದ್ರೆ ಗಾಳಿ ಒದ್ದೆಯಾಗಿದೆ ಅಂತಲೂ ತಪ್ಪು ಹುಡುಕ್ತೀಯ."

ದನದ ಡಾಕ್ಟರಮ್ಮ ಕೆಲಸ ಬಿಟ್ಟು ಮನೆಯಲ್ಲಿದ್ದ ಹೆಂಗಸು. ದನದ ಹೊಟ್ಟೆಯೊಳಗೆ ಕೈ ಹಾಕಿ ಕರು ಎಳೆದೂ ಎಳೆದೂ ಬಲಭುಜ ಸೋತಿತ್ತು. ಹಾಯಿಯ ಹಗ್ಗ ಜಗ್ಗಲು ಆಗದೆ ದೋಣಿ ಮಾರಲು ನಿಂತಿದ್ದಳು. ಕರುಗಳನ್ನು ಕಟ್ಟುತ್ತಿದ್ದ ಚಪ್ಪರದ ಕೆಳಗೆ ಅದು ಕೂತಿತ್ತು. ತೆಳ್ಳಗಿನ ಎರಡು ಮರದ ಒಡಲು, ಅವುಗಳನ್ನು ಸೇರಿಸುವ ಎರಡು ಅಡ್ಡತೊಲೆ, ನಡುವೆ ಬಲೆ. ತೊಲೆಗಳನ್ನು ಒಡಲಿಗೆ ಮೊಳೆಯಿಂದಲ್ಲ, ಬೋಲ್ಟಿನಿಂದಲ್ಲ, ದಪ್ಪ ಹಗ್ಗದಿಂದ ಸುತ್ತಿ ಕಟ್ಟಿದ್ದರು.

ಟಾರ್ಪಾಲಕ್ಕ ನೇರವಾಗಿ ಬಲೆಗೆ ಹೋದಳು. ಅಂಚಿನ ಹೊಲಿಗೆ ಉಗುರಿನಿಂದ ಕೆದಕಿ ನೋಡಿದಳು, ಹಗ್ಗದ ಕಣ್ಣುಗಳಿಗೆ ಬೆರಳು ತೂರಿಸಿದಳು, ಕೊನೆಗೆ ಚಪ್ಪಲಿ ಬಿಟ್ಟು ಮೇಲೆ ಹತ್ತಿ ಕೂತೇಬಿಟ್ಟಳು. ಹೊಸದಾಗಿ ಹೆಣೆದ ಮಂಚದ ಹಾಗಿತ್ತು. ಬೆಳಗಿನಿಂದ ಬಿಗಿದಿದ್ದ ಮುಖ ಅಷ್ಟರಲ್ಲಿ ಸಡಿಲವಾಯಿತು.

ಬಡಗಿ ಮಾತ್ರ ಅಡ್ಡತೊಲೆಯ ತುದಿ ಹಿಡಿದು ಅಲ್ಲಾಡಿಸಿದ. ಕಟ್ಟು 'ಕಿರ್ರ್' ಎಂದಿತು. ಹುಣಸೆಕಾಯಿ ಕಚ್ಚಿದವನಂತೆ ಮುಖ ಮಾಡಿದ. ಅವನು ಕೂರಿಸಿದ ಕೀಲಿನೊಳಗೆ ಕ್ಷೌರದ ಬ್ಲೇಡು ತೂರುವುದಿಲ್ಲವೆಂದು ಊರೇ ಹೇಳುತ್ತಿತ್ತು. ಕಿರುಗುಟ್ಟುವ ಮಂಚ ಕಂಡರೆ, ಪರರ ಮನೆಯದಾದರೂ ಸರಿ, ಅವನಿಗೆ ನಿದ್ದೆ ಬರುತ್ತಿರಲಿಲ್ಲ.

"ಕಟ್ಟು ಸಡಿಲ ಆಗಿದೆ" ಎಂದ.

"ಸಡಿಲ ಅಲ್ಲ ಕಣಪ್ಪ, ಅದು ಇರಬೇಕಾದ್ದೇ ಹಾಗೆ" ಎಂದಳು ಡಾಕ್ಟರಮ್ಮ. "ಈ ಒಡಲು ಒಂದು ಅಲೆ ಹತ್ತುತ್ತಿರುತ್ತೆ, ಆ ಒಡಲು ಇನ್ನೊಂದು ಅಲೆ ಇಳೀತಾ ಇರುತ್ತೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತಾರಲ್ಲ, ಅದೇ. ಹಗ್ಗ ಇದ್ರೆ ಇಬ್ಬರ ಮಾತೂ ನಡೆಯುತ್ತೆ. ಬಿಗಿದುಬಿಟ್ರೆ ಯಾವುದಾದ್ರೂ ಒಂದು ಮುರೀಬೇಕು."

"ಹ್ಞೂಂ" ಎಂದ ಬಡಗಿ. ಆ 'ಹ್ಞೂಂ' ಎಂಥದೆಂದು ಟಾರ್ಪಾಲಕ್ಕ ಆಗಲೇ ಗುರುತಿಸಬೇಕಿತ್ತು. ಇಷ್ಟು ವರ್ಷ ಸಂಸಾರ ಮಾಡಿದವಳು ಗುರುತಿಸಲಿಲ್ಲ. ಬಲೆಯ ಸುಖದಲ್ಲಿದ್ದಳು.

"ಒಯ್ದು ನಿಮ್ಮ ದಡದಲ್ಲೇ ಇಟ್ಟುಕೊಂಡು ಓಡಿಸಿ ನೋಡಿ. ಹಿಡಿಸಿದ್ರೆ ಮಾತಾಡೋಣ" ಎಂದಳು ಡಾಕ್ಟರಮ್ಮ. "ಹಸು ಕೊಳ್ಳೋರೂ ಒಂದು ಸಲ ಹಾಲು ಕರೆದು ನೋಡ್ತಾರಪ್ಪ."

ದೋಣಿ ಬಂತು. ಬಾಗಿಲಲ್ಲಿ ತೂರದ್ದರಿಂದ ಬಡಗಿ ಅದನ್ನು ತನ್ನ ಮರದ ಕೊಟ್ಟಿಗೆಯಲ್ಲೇ ಇಟ್ಟುಕೊಂಡ. ಅಲ್ಲಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಯಾರದೋ ಕಿಟಕಿಯ ಚೌಕಟ್ಟಿರಬೇಕೆಂದು ಅವಳು ತನ್ನ ಹೊಲಿಗೆ ನೋಡಿಕೊಂಡಳು. ಅವಳಿಗೂ ಕೆಲಸವಿತ್ತು: ಮಗಳು ಕೂರುವುದಕ್ಕೆಂದು ಟಾರ್ಪಾಲಿನ ದಿಂಬು, ಬೆನ್ನಿಗೊಂದು, ಎರಡು ಪಕ್ಕಕ್ಕೂ ಒಂದೊಂದು, ಸೊಂಟಕ್ಕೆ ಸುತ್ತಿ ಬಲೆಗೆ ಬಿಗಿಯಲು ಅಗಲವಾದ ಪಟ್ಟಿ. ಮಗಳು ಬಂದು ನೋಡಿ, "ಇದೇನಮ್ಮ, ನನ್ನನ್ನ ಪಾರ್ಸಲ್ ಮಾಡ್ತಿದೀಯಾ?" ಎಂದಳು. "ಬಾಯ್ಮುಚ್ಚು, ಸೊಂಟ ಅಳತೆ ಕೊಡು" ಎಂದಳು ತಾಯಿ.

ರಜೆಯ ದಿನ ಗಾಳಿ ಚೆನ್ನಾಗಿತ್ತು. ಬೇಕರಿಯವನು ಹುಬ್ಬಿನ ಹಿಟ್ಟನ್ನೂ ಒರೆಸಿಕೊಳ್ಳದೆ ಓಡಿಬಂದ. ಹುಡುಗಿ ಇಳಿಜಾರಿನಲ್ಲಿ ಕೋಲೂರಿ ಬಂದು, ಒಡಲಿನ ಮೇಲೆ ಕೂತು, ಹಿಂದಕ್ಕೆ ಜರುಗಿ ತಾನೇ ಬಲೆ ಸೇರಿಕೊಂಡಳು. ಯಾರೂ ಎತ್ತಬೇಕಾಗಲಿಲ್ಲ. ಬಡಗಿ ಮಗಳ ಕೋಲನ್ನು ಒರೆಸಿ ಅವಳ ಪಕ್ಕಕ್ಕಿಟ್ಟದ್ದು ಟಾರ್ಪಾಲಕ್ಕನಿಗೆ ಕಂಡಿತು. ಅವನ ಮೇಲಿನ ಸಿಟ್ಟು ಒಂದಿಷ್ಟು ಇಳಿಯಿತು. ಆಮೇಲೆ ಮಗಳ ಸುತ್ತ ದಿಂಬು ತುರುಕಿ, ಪಟ್ಟಿ ಬಿಗಿದಳು.

ದೋಣಿ ಓಡಿತು. ಮಗ್ಗುಲಾಗಲಿಲ್ಲ, ನೀರಿನ ಮೇಲೆ ಚಾಪೆ ಎಳೆದಂತೆ ಹೋಯಿತು.

"ಕೇಳಿಸ್ತಾ?" ಎಂದ ಬಡಗಿ, ಚುಕ್ಕಾಣಿ ಹಿಡಿದು ಕೂತವನು.

"ಏನು?"

"ಏನೂ ಕೇಳಿಸ್ತಿಲ್ಲ ಅಲ್ವಾ? ಅದೇ ಮತ್ತೆ!" ಎಂದು ಹಲ್ಲು ಬಿಟ್ಟ. ಅವನು ಯಾವುದರ ಬಗ್ಗೆ ಹೇಳುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲ.

"ಅಪ್ಪ, ಚುಕ್ಕಾಣಿ ನನಗೊಂದು ಸಲ ಕೊಡು" ಎಂದಳು ಮಗಳು.

"ಬೇಡ" ಎಂದಳು ತಾಯಿ, ಅಪ್ಪ ಬಾಯಿ ತೆರೆಯುವ ಮೊದಲೇ. "ಸುಮ್ನೆ ಕೂತು ಗಾಳಿ ತಗೋ."

"ಗಾಳಿ ಮನೆ ಹಿತ್ತಲಲ್ಲೂ ಇರುತ್ತಮ್ಮ."

"ಬೇಡ ಅಂದೆ."

ಕೆರೆಯ ನಡುವಿಗೆ ಬಂದಾಗ ಅಲೆ ಎದ್ದಿತು. ಬಲಗಡೆಯ ಒಡಲು ಒಂದು ಅಲೆಯ ನೆತ್ತಿ ಹತ್ತಿತು. ಎಡಗಡೆಯದು ತಗ್ಗಿಗೆ ಹೋಯಿತು. ಆಗ ಒಣ ಸೌದೆಗೆ ಕೊಡಲಿ ಬಿದ್ದಂಥ ಸದ್ದು. ಮುಂದಿನ ತೊಲೆಯ ಬುಡದಲ್ಲಿ ಎಡ ಒಡಲಿನ ಅಂಚು ತೋಳುದ್ದ ಸೀಳಿ ಬಾಯಿಬಿಟ್ಟಿತು. ಬಲೆ ಒಂದು ಮೂಲೆಗೆ ಜೋತಿತು. ಟಾರ್ಪಾಲಕ್ಕ ಯೋಚಿಸಲಿಲ್ಲ, ಮಗಳ ಮೇಲೆ ಅಡ್ಡ ಬಿದ್ದು ಮೈಯ ಭಾರವನ್ನೆಲ್ಲ ಹಾಕಿ ಅವುಚಿ ಹಿಡಿದಳು.

"ಅಮ್ಮ, ಬಿಡು! ಉಸಿರು ಕಟ್ತಿದೆ! ಬಿಡೇ!"

ಅವಳು ಬಿಡಲಿಲ್ಲ. ಬೇಕರಿಯವನು ಹಾಯಿ ಇಳಿಸಿದ. ಒಡಲಿಗೆ ನೀರು ಸೋರತೊಡಗಿತ್ತು, ಮುಳುಗುವಷ್ಟಲ್ಲ. ಅಣ್ಣತಮ್ಮಂದಿರು ಹುಟ್ಟು ಹಾಕುತ್ತ, ಒಬ್ಬರ ಮುಖ ಒಬ್ಬರು ನೋಡದೆ ದಡ ಸೇರಿಸಿದರು.

ದಡದಲ್ಲಿ ಟಾರ್ಪಾಲಕ್ಕ ಬಗ್ಗಿ ನೋಡಿದಳು. ಮೇಲೆ ಹಗ್ಗ ಹಾಗೇ ಇತ್ತು, ಒಪ್ಪವಾಗಿ. ಅದರ ಕೆಳಗೆ, ತೊಲೆಗೂ ಒಡಲಿಗೂ ನಡುವೆ, ನಾಲ್ಕೂ ಕಡೆ ಗಟ್ಟಿಮರದ ಬೆಣೆ. ರಂದ ಹೊಡೆದು ನುಣುಪು ಮಾಡಿ, ಅಂಟು ಹಾಕಿ, ಕೂದಲೂ ತೂರದಂತೆ ಬಡಿದು ಕೂರಿಸಿದ ಬೆಣೆ. ಎಂಥ ಚೆಂದದ ಕೆಲಸ! ಅದನ್ನು ಕಂಡೇ ಅವಳ ರಕ್ತ ತಲೆಗೇರಿತು.

"ಬೆಣೆ ಹೊಡೆದ್ಯಾ?"

"ಅಲ್ಲಾಡ್ತಿತ್ತು..."

"ಅಲ್ಲಾಡಬೇಕು ಅಂತ ಅವರು ಹೇಳಿದ್ದು ನಿನ್ನ ಕಿವಿಗೆ ಹೋಗ್ಲಿಲ್ವಾ? ಇನ್ನೊಬ್ಬರ ದೋಣಿ! ಕೊಂಡಿಲ್ಲ, ಕೊಟ್ಟಿಲ್ಲ, ಕಳ್ಳನ ಹಾಗೆ ಕೊಟ್ಟಿಗೇಲಿ ಕೂತು ಬೆಣೆ ಹೊಡೆದ್ಯಾ? ಬೇಡ ಅಂತಿದ್ರೆ ಬಾಯಲ್ಲಿ ಹೇಳಬೇಕಿತ್ತು. ಮೂರು ದೋಣಿಗೆ ಬಾಯಲ್ಲಿ ಕೊಕ್ಕೆ ಹಾಕ್ದೆ, ಇದಕ್ಕೆ ಸುತ್ತಿಗೇಲಿ ಹಾಕಿದ್ಯಾ?"

"ಹಾಳು ಮಾಡೋಕೆ ಮಾಡಿದ್ನೇನೇ ನಾನು!" ಬಡಗಿಯೂ ಕೂಗಿದ. ಅವನು ಕೂಗುವುದು ಅಪರೂಪ, ದನಿ ಒಡೆಯಿತು. "ನನ್ನ ಮಗಳು ಕೂರೋ ದೋಣಿ. ಕಿರುಗುಟ್ಟೋದನ್ನ ಹಾಗೇ ಬಿಡ್ಲಾ? ಅವಳ ಅಡಿ ಒಂದು ಕೀಲಾದ್ರೂ ಗಟ್ಟಿ ಇರ್ಲಿ ಅಂತ ಮಾಡ್ದೆ!"

ಬೇಕರಿಯವನು, "ಅತ್ತಿಗೆ, ಆದದ್ದಾಯ್ತು. ಯಾರಿಗೂ ಏನೂ ಆಗ್ಲಿಲ್ವಲ್ಲ..." ಎಂದು ನಡುವೆ ಬಂದ.

"ನೀನು ಸುಮ್ನಿರಪ್ಪ, ಸಲಾಮು ಹೊಡೆಯೋನು! ಇಷ್ಟು ವರ್ಷ ಅವಳನ್ನ ದಡದಲ್ಲಿ ಚಪ್ಪಲಿ ಕಾಯಿಸಿದ್ರಿ. ಈಗ ಒಂದು ದಿನ ನೀರಿಗೆ ಬಂದ್ಲು, ಮುಳುಗಿಸೋಕೆ ಹೊರಟ್ರಿ. ಅವಳಿಗೋಸ್ಕರ ನಾನೊಬ್ಬಳು..."

"ನನ್ನ ಹೆಸರು ತೆಗೀಬೇಡ!"

ಮಗಳ ಕೂಗಿಗೆ ಮೂವರೂ ತಿರುಗಿದರು. ಅವಳಿನ್ನೂ ಬಲೆಯ ಮೇಲೇ ಇದ್ದಳು, ತಾಯಿ ಬಿಗಿದ ಪಟ್ಟಿಯೊಳಗೆ. ಬಿಚ್ಚಿಕೊಳ್ಳಲು ಹೋಗಿ ಬೆರಳು ಕೆಂಪಾಗಿದ್ದವು, ಗಂಟು ಹಿಂಬದಿಗಿತ್ತು. ಯಾರೂ ಬಿಚ್ಚಿರಲಿಲ್ಲ.

"ನನ್ನ ಕಾಲು ಹಿಡ್ಕೊಂಡು ಜಗಳ ಆಡ್ತಾನೇ ಇದೀರ. ಯಾವ ದೋಣಿ ಬೇಕು ಅಂತ ನನ್ನನ್ನ ಯಾರಾದ್ರೂ ಕೇಳಿದ್ರಾ? ಒಂದು ದೋಣೀನಾದ್ರೂ ತೋರಿಸಿದ್ರಾ? ಇದೇನು, ನನಗೆ ತೊಟ್ಟಿಲು ಕೊಳ್ತಿದೀರಾ? ದಡದಲ್ಲಿ ಕೂತಿದ್ದಾಗ ಎದ್ದು ಮನೇಗಾದ್ರೂ ಹೋಗ್ಬಹುದಿತ್ತು. ಇಲ್ಲಿ ಅದೂ ಇಲ್ಲ. ಅಪ್ಪ ದೋಣಿಗೆ ಬೆಣೆ ಹೊಡ್ದ. ನೀನು ನನಗೆ ಹೊಡೆದೆ. ಬಿಚ್ಚು ಇದನ್ನ!"

ಟಾರ್ಪಾಲಕ್ಕ ಗಂಟಿಗೆ ಕೈ ಹಾಕಿದಳು. ನೀರಿಗೆ ನೆನೆದು ಬಿಗಿದುಕೊಂಡಿತ್ತು. ತಾನೇ ಹಾಕಿದ ಗಂಟು ತನಗೇ ಬಿಚ್ಚಲಾಗದೆ ಬಡಗಿಯಿಂದ ಉಳಿ ಇಸಿದುಕೊಂಡು ಪಟ್ಟಿಯನ್ನೇ ಕತ್ತರಿಸಿದಳು. ಹುಡುಗಿ ಕೋಲೂರಿ ಹಿಂದೆ ನೋಡದೆ ಮನೆಗೆ ನಡೆದಳು. ಟಾರ್ಪಾಲಕ್ಕನಿಗೆ ಅಳು ಬರಲಿಲ್ಲ. ಸಿಟ್ಟೇ ಬಂತು. ಗಂಡನ ಮೇಲೆ, ಮೈದುನನ ಮೇಲೆ, ಕೆರೆಯ ಮೇಲೆ, ಹೆತ್ತ ತಾಯಿಗೆ ಹಾಗೆ ಅನ್ನಬಹುದೇ ಎಂದು ಮಗಳ ಮೇಲೆ, ಕೊನೆಗೆ ಉಳಿದದ್ದೆಲ್ಲ ತನ್ನ ಮೇಲೆ. ಅಂದು ಹಚ್ಚಿದ ಒಲೆಯ ಮೇಲೆ ಪಾತ್ರೆಗಳು ಪಾತ್ರೆಗಳ ಹಾಗೆ ಸದ್ದು ಮಾಡಲಿಲ್ಲ, ಗಂಟೆಗಳ ಹಾಗೆ ಮಾಡಿದವು.

ಡಾಕ್ಟರಮ್ಮನಿಗೆ ಹೇಳದೆ ಇರುವಂತಿರಲಿಲ್ಲ. ಬಡಗಿ ಹೊರಟ, ಮುಖ ತೋರಿಸುವುದು ಬೇಡವೆಂದುಕೊಂಡರೂ ಟಾರ್ಪಾಲಕ್ಕ ಹೊರಟಳು, ಕರೆಯದಿದ್ದರೂ ಮಗಳು ಬಂದು ಗಾಡಿಯಲ್ಲಿ ಕೂತಳು.

ಡಾಕ್ಟರಮ್ಮ ಕೇಳುತ್ತ ಕೇಳುತ್ತ ಕೆಂಪಾದಳು. "ಹಸುವಿನ ನಾಲ್ಕು ಕಾಲೂ ಒಟ್ಟಿಗೆ ಕಟ್ಟಿ, ಬೀಳಬಾರದು ಅಂತ ಕಟ್ಟಿದೆ, ಈಗ ನಡಿ ಅಂದ್ರೆ ನಡೆಯುತ್ತೇನಯ್ಯಾ? ನಾನು ಬಿಡಿಸಿ ಬಿಡಿಸಿ ಹೇಳಿದೀನಿ!"

"ಸರಿ ಮಾಡಿ ತಂದುಕೊಡ್ತೀನಿ ಡಾಕ್ಟ್ರೇ. ಸೀಳು ಎಲ್ಲಿತ್ತು ಅಂತ ಗೊತ್ತಾಗದ ಹಾಗೆ" ಎಂದ ಬಡಗಿ ನೆಲ ನೋಡುತ್ತ.

"ತಂದುಕೊಡಿ. ನಿಮಗೆ ಮಾತ್ರ ನಾನದನ್ನ ಮಾರಲ್ಲ."

"ನಮಗೂ ಬೇಡ" ಎಂದಳು ಟಾರ್ಪಾಲಕ್ಕ ಸೆಟೆದು. "ಆ ಪ್ಲಾಸ್ಟಿಕ್ಕಿನದೇ ತಗೊಳ್ತೀವಿ. ಬಕೆಟ್ಟಾದ್ರೂ ಒಡೆಯಲ್ಲ."

"ನನಗೆ ಇದೇ ಬೇಕು" ಎಂದಳು ಮಗಳು.

"ನೀನು ಸುಮ್ನಿರು..." ಎಂದು ತಾಯಿ ಶುರು ಮಾಡಿ, ತುಟಿ ಕಚ್ಚಿಕೊಂಡಳು.

ಹುಡುಗಿ ಡಾಕ್ಟರಮ್ಮನನ್ನೇ ನೋಡಿ ಹೇಳಿದಳು: "ಅದರ ಚುಕ್ಕಾಣಿ ಉದ್ದ ಇದೆ. ಬಲೆ ಮೇಲೆ ಕಾಲು ಚಾಚಿ ಕೂತೇ ಹಿಡೀಬಹುದು. ತಿರುಗಿಸುವಾಗ ನಾನು ಏಳಬೇಕಾಗಿಲ್ಲ, ಹಾಯಿ ತಲೆ ಮೇಲೆ ಹೋಗುತ್ತೆ. ನೀವು ಭುಜ ಎತ್ತಲಾಗದಿದ್ರೂ ಇಷ್ಟು ದಿನ ಓಡಿಸಿದ್ದು ಹಾಗೇ ಅಲ್ವಾ? ನಾನು ಕೂತೋಳಾಗಿ ಬರಲ್ಲ. ಓಡಿಸೋಳಾದ್ರೆ ಬರ್ತೀನಿ. ಕಲಿಸಿಕೊಡಿ."

ಡಾಕ್ಟರಮ್ಮ ಹುಡುಗಿಯನ್ನು ಕಾಲಿನಿಂದ ತಲೆವರೆಗೆ ನೋಡಿದಳು. ಆ ನೋಟದಲ್ಲಿ ಕನಿಕರ ಕಂಡಿದ್ದರೆ ಟಾರ್ಪಾಲಕ್ಕ ಅಲ್ಲೇ ಕೈ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದಳು. ಕಾಣಲಿಲ್ಲ. ಸಂತೆಯಲ್ಲಿ ಹೋರಿ ನೋಡುವವರ ಲೆಕ್ಕಾಚಾರ ಮಾತ್ರ ಇತ್ತು.

"ಈಜು ಬರುತ್ತಾ?"

"ಕಾಲಿಗಿಂತ ಕೈ ಚೆನ್ನಾಗಿ ನಡೆಯುತ್ತೆ ನನಗೆ."

"ಹಾಗಾದ್ರೆ ಇವಳಿಗೆ ಕೊಡ್ತೀನಿ" ಎಂದಳು ಡಾಕ್ಟರಮ್ಮ ಗಂಡಹೆಂಡಿರ ಕಡೆ ತಿರುಗಿ. "ನಿಮ್ಮಿಬ್ಬರಿಗೂ ಅಲ್ಲ. ಕಲಿಯೋವರೆಗೆ ನಾನು ಜೊತೆ ಕೂರ್ತೀನಿ. ನೀವಿಬ್ಬರೂ ಆ ಕಡೆ ಸುಳೀಕೂಡದು."

ಬಡಗಿ ಬೆಣೆ ಕಿತ್ತ. ಅವನೇ ಹಾಕಿದ ಅಂಟು, ಅಷ್ಟು ಸುಲಭಕ್ಕೆ ಬಿಡಲಿಲ್ಲ. ಒಂದೊಂದು ಬೆಣೆಗೂ ಬೈದುಕೊಂಡ. ಹೊಸ ಹಲಗೆ ಬೆಸೆದು ಸೀಳು ಮುಚ್ಚಿದ. ಟಾರ್ಪಾಲಕ್ಕ ಹಳೆ ಹಗ್ಗ ಬಿಚ್ಚಿ ಹೊಸದು ಸುತ್ತಿದಳು. ಕೊಟ್ಟಿಗೆಯಲ್ಲಿ ಗಂಡಹೆಂಡಿರು ಆಡಿದ ಮಾತು "ಅದು ಕೊಡು", "ಇದು ಹಿಡಿ" ಎಂಬಷ್ಟೇ. ಅವನು ಅಭ್ಯಾಸಬಲದಿಂದ ಕಟ್ಟನ್ನು ಹೆಬ್ಬೆರಳಿನಿಂದ ಒತ್ತಲು ಬಂದಾಗ ಅವಳು ಕೈ ಮೇಲೆ ಪಟ್ಟನೆ ಹೊಡೆದಳು.

ಡಾಕ್ಟರಮ್ಮ ಹುಡುಗಿಯನ್ನು ಒಯ್ದು ಕಲಿಸಿದಳು. ಟಾರ್ಪಾಲಕ್ಕ ಆ ದಿನಗಳಲ್ಲಿ ಸೂಜಿಯಿಂದ ಬೆರಳು ಚುಚ್ಚಿಕೊಂಡಷ್ಟು ಜನ್ಮದಲ್ಲಿ ಚುಚ್ಚಿಕೊಂಡಿರಲಿಲ್ಲ. ಕಡೆಗೊಂದು ಬೆಳಿಗ್ಗೆ ಮಗಳು ಬಾಗಿಲಿಗೆ ಬಂದು, "ಬರೋದಾದ್ರೆ ಬಾ. ಏನನ್ನೂ ಮುಟ್ಟಬಾರದು, ಮಾತಾಡಬಾರದು" ಎಂದಳು.

"ನಿನ್ನ ಅಪ್ಪ?"

"ಇವತ್ತು ನೀನು. ಅವರ ಸರದಿ ಬರುತ್ತೆ."

ಟಾರ್ಪಾಲಕ್ಕ ಬಲೆಯ ಮೇಲೆ ಕೂತಳು. ದಿಂಬಿಲ್ಲ, ಪಟ್ಟಿಯಿಲ್ಲ. ಮುಟ್ಟುವುದಿಲ್ಲವೆಂದು ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡಳು. ಮಗಳು ಎಡಗಾಲು ಚಾಚಿ, ಉದ್ದನೆಯ ಚುಕ್ಕಾಣಿಯನ್ನು ಕಂಕುಳಡಿ ಸೇರಿಸಿಕೊಂಡು ಹೊರಟಳು. ದೋಣಿ ಹೆಜ್ಜೆಹೆಜ್ಜೆಗೂ ಗೊಣಗಿತು. ದಡ ದೂರವಾದಂತೆ ಟಾರ್ಪಾಲಕ್ಕನ ಸಿಟ್ಟು ಏರುತ್ತಲೇ ಹೋಯಿತು. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನೋಡಿದ್ದೆಲ್ಲ ತಪ್ಪಾಗಿ ಕಂಡಿತು. ಹಗ್ಗ ಹಿಡಿದ ರೀತಿ, ಟೋಪಿ ಹಾಕದ ತಲೆ, ಕೆರೆಯೊಳಗೆ ತಲೆಯೆತ್ತಿದ್ದ ಬಂಡೆಗೆ ಅಷ್ಟು ಹತ್ತಿರ ಹೋಗಿದ್ದು.

ಬಂಡೆಯ ಬಳಿ ಹುಡುಗಿ ದೋಣಿ ತಿರುಗಿಸಲು ಹೋದಳು. ಜೋಡಿದೋಣಿ ತಿರುಗುವುದರಲ್ಲಿ ಮೊಂಡು. ಅರ್ಧ ತಿರುಗಿ ಗಾಳಿಗೆ ಎದುರಾಗಿ ನಿಂತುಬಿಟ್ಟಿತು. ಹಾಯಿ ಪಟಪಟ ಬಡಿದುಕೊಂಡಿತು. ದೋಣಿ ಮೆಲ್ಲಗೆ ಹಿಂದಕ್ಕೆ, ಬಂಡೆಯ ಕಡೆಗೆ, ಜಾರತೊಡಗಿತು. ಹುಡುಗಿ ದೋಣಿಗೆ ಒಂದು ಬೈಗುಳ ಬೈದಳು. ಅಂಥದ್ದು ಅವಳಿಗೆ ಬರುತ್ತದೆಂದು ತಾಯಿಗೆ ಗೊತ್ತಿರಲಿಲ್ಲ. ಟಾರ್ಪಾಲಕ್ಕನ ಬಾಯಿಗೆ "ಬಿಡು, ಹಾಯಿ ಇಳಿಸು, ಸಾಕು" ಎಂಬ ಮಾತು ಬಂತು. ಹಲ್ಲು ಕಚ್ಚಿ ನುಂಗಿದಳು. ಅಂಗೈ ತೊಡೆಯಡಿಯೇ ಇತ್ತು.

"ಏನು ನೋಡ್ತಾ ಕೂತಿದೀಯ?" ಮಗಳು ಗದರಿದಳು. "ಮುಂದಿನ ಸಣ್ಣ ಹಾಯಿಯ ಹಗ್ಗ ಹಿಡಿ! ಆ ಕಡೆ ಅಲ್ಲ, ಈ ಕಡೆ! ಗಾಳಿಗೆ ಅಡ್ಡ ಹಿಡಿದು ಎಳಿ! ಗಟ್ಟಿಯಾಗಿ!"

"ಮುಟ್ಟಬೇಡ ಅಂದಿದ್ದು ನೀನೇ ಕಣೇ!"

"ಈಗ ಮುಟ್ಟು ಅಂತಿದೀನಿ! ಎಳೀತೀಯೋ ಇಲ್ವೋ?"

ಹೆತ್ತ ಮಗಳು ಹೀಗೆ ಗದರಿದ್ದು ಇದೇ ಮೊದಲು. ಮನೆಗೆ ಹೋದ ಮೇಲೆ ಇದಕ್ಕೆ ಸರಿಯಾಗಿ ಉಗಿಯಬೇಕು ಎಂದುಕೊಳ್ಳುತ್ತ ಟಾರ್ಪಾಲಕ್ಕ ಕೈ ಹೊರತೆಗೆದು, ಹಗ್ಗವನ್ನು ಮುಂಗೈಗೆ ಸುತ್ತಿ, ಸಿಟ್ಟನ್ನೆಲ್ಲ ಹಾಕಿ ಎಳೆದಳು. ಸಣ್ಣ ಹಾಯಿ ಉಲ್ಟಾ ಕಡೆಯಿಂದ ಉಬ್ಬಿತು. ದೋಣಿಯ ಮೂತಿ ಒಂದು ಗೇಣು ಸರಿಯಿತು, ಇನ್ನೊಂದು ಗೇಣು ಸರಿಯಿತು, ಬಂಡೆಯ ಕಡೆಗಿನ ಜಾರು ನಿಂತು ದೊಡ್ಡ ಹಾಯಿ ಗಾಳಿ ಹಿಡಿಯಿತು.

"ಹಿಡಿದಿರು, ಬಿಡಬೇಡ... ನಾನು ಹೇಳೋವರೆಗೆ ಬಿಡಬೇಡ... ಈಗ ಬಿಡು!"

ಅವಳು ಬಿಟ್ಟಳು.